ಕಟ್ ಅಂದರೆ ಸಾಲದು

ಮಾಸ್ಟರಮ್ಮನಿಗೆ ಈರುಳ್ಳಿ ಹೆಚ್ಚಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹೊಲಿಗೆಯವರ ಸಂಘ ತರುತ್ತಿರುವ ಈ ಪುಸ್ತಕದಲ್ಲಿ ಎಲ್ಲರೂ ತಮ್ಮ ತಮ್ಮ ಹಿರಿಯರನ್ನು ಹೊಗಳಿ ಅಟ್ಟಕ್ಕೇರಿಸಿರುತ್ತಾರೆ. ನಾನೂ ಏರಿಸುವವನೇ, ಆದರೆ ಏಣಿಯ ಮೊದಲ ಮೆಟ್ಟಿಲಾದರೂ ನಿಜದ್ದಾಗಿರಲಿ. ನಲವತ್ತಾರು ವರ್ಷ ಕೋಟು ಕತ್ತರಿಸಿದ ಕೈ ಅದು. ಅದೇ ಕೈಗೆ ಚಾಕು ಕೊಟ್ಟರೆ ಈರುಳ್ಳಿ ಒಂದು ಕಡೆ ಉರುಳುತ್ತದೆ, ಬೆರಳು ಇನ್ನೊಂದು ಕಡೆ ರಕ್ತ ಸುರಿಸುತ್ತದೆ. ಮದುವೆಯಾದ ಮೂರನೇ ದಿನವೇ ಅವರ ಗಂಡ, ಬಸ್ಸಿನ ಡ್ರೈವರು, ಚಾಕು ಕಿತ್ತುಕೊಂಡು, "ನಿನಗೆ ಕತ್ತರಿ, ನನಗೆ ಚಾಕು. ಇಬ್ಬರೂ ಗಡಿ ದಾಟೋದು ಬೇಡ" ಅಂದರಂತೆ. ಐವತ್ತು ವರ್ಷ ಕಳೆದರೂ ಆ ಗಡಿ ಹಾಗೇ ಇದೆ.

ಅವರ ಬಗ್ಗೆ ನಾನೇ ಬರೆಯಬೇಕು ಅಂತ ಸಂಘದವರು ಹೇಳಿದಾಗ ನಾನು ಕೂಗಾಡಿದೆ. ನಾನು ಓದಿದ್ದು ಆರನೇ ಕ್ಲಾಸು, ಅದರಲ್ಲೂ ಕೊನೆಯ ಅರ್ಧ ವರ್ಷ ಬೆಂಚಿನ ಮೇಲೆ ನಿಂತೇ ಓದಿದ್ದು. "ಕೂಗಾಡೋದು ಮುಗೀತಾ? ಈಗ ಬರಿ" ಅಂದಳು ನನ್ನ ಹೆಂಡತಿ. ಕೋಪ ನನ್ನ ಮೂಗಿನ ತುದಿಯಲ್ಲೇ ಮನೆ ಮಾಡಿಕೊಂಡಿದೆ ಅಂತ ಊರಿಗೆಲ್ಲ ಗೊತ್ತು. ಆ ಕೋಪ ನನ್ನ ಬದುಕಿನಲ್ಲಿ ಏನೇನು ಕತ್ತರಿಸಿ ಹಾಕಬಹುದಿತ್ತು, ಯಾಕೆ ಹಾಕಲಿಲ್ಲ ಅನ್ನುವುದು ಮಾತ್ರ ನನಗೂ ಮಾಸ್ಟರಮ್ಮನಿಗೂ ಗೊತ್ತು. ಅದನ್ನೇ ಬರೆಯುತ್ತೇನೆ.

ಮಾಸ್ಟರಮ್ಮನ ಅಪ್ಪ ಕ್ಷೌರದವರು. ಒಂದು ಕುರ್ಚಿ, ಎದುರುಬದುರು ಎರಡು ಕನ್ನಡಿ, ಅಷ್ಟೇ ಅಂಗಡಿ. ಶಾಲೆ ಬಿಟ್ಟು ಬಂದು ನೆಲದ ಮೇಲಿನ ಕೂದಲು ಗುಡಿಸುವುದು ಮಗಳ ಕೆಲಸ. ಅಪ್ಪ ಹೇಳುತ್ತಿದ್ದರಂತೆ: "ಕೂದಲು ದೊಡ್ಡ ಮನಸ್ಸಿಂದು ಮಗಳೇ. ನಾವು ತಪ್ಪು ಮಾಡಿದರೆ ಹದಿನೈದು ದಿನದಲ್ಲಿ ಮರೆತುಬಿಡುತ್ತೆ." ಹದಿನಾರನೇ ವಯಸ್ಸಿಗೆ ಅವರು ಕೋಟಿನ ಅಂಗಡಿಗೆ ಕಾಜಾ ಹೊಲಿಯಲು ಸೇರಿದರು. ಕಾಜಾ ಅಂದರೆ ಗುಂಡಿಯ ತೂತಿನ ಸುತ್ತ ಹಾಕುವ ಹೊಲಿಗೆ. ಅಲ್ಲಿನ ಮುದುಕ ಕಟಿಂಗ್ ಮಾಸ್ಟರು ಮೊದಲ ದಿನವೇ ಹೇಳಿದ ಮಾತು ಬೇರೆ: "ಬಟ್ಟೆಗೆ ಮರೆವಿಲ್ಲ."

ಆ ಮುದುಕರ ಕಣ್ಣು ವರ್ಷದಿಂದ ವರ್ಷಕ್ಕೆ ಮಂಜಾಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಕೆಲಸ ಹೋಗುತ್ತದಲ್ಲ. ಗುಟ್ಟು ಗೊತ್ತಿದ್ದದ್ದು ಈ ಹುಡುಗಿಗೆ ಮಾತ್ರ. ಬಾಗಿಲು ಮುಚ್ಚಿಕೊಂಡು ಅವರ ಪಕ್ಕ ನಿಂತು, ಕತ್ತರಿ ಹಿಡಿದು, ಏನು ಮಾಡಲಿದ್ದಾಳೆಂದು ಬಾಯಿಬಿಟ್ಟು ಹೇಳುವಳು: "ಬೆನ್ನಿನ ತುಂಡು, ಎಡಗಡೆ, ಗೆರೆಯ ಮೇಲೇ ಕತ್ತರಿಸ್ತೀನಿ." ಮುದುಕರು ಬಟ್ಟೆಯ ಮೇಲೆ ಅಂಗೈ ಆಡಿಸಿ ನೋಡಿ, "ಹೂಂ" ಅನ್ನುವರು. ಹೂಂ ಅಂದ ಮೇಲೇ ಕತ್ತರಿ. ಹೀಗೆ ಆರು ವರ್ಷ ನಡೆಯಿತು. ಮುದುಕರು ತೀರಿಕೊಂಡ ಮೇಲೆ ಗುಟ್ಟು ಹೊರಬಿತ್ತು. ಒಬ್ಬ ವಕೀಲರು ಅಂಗಡಿಗೆ ಬಂದು, "ಹೆಂಗಸು ಕತ್ತರಿಸಿದ ಕೋಟು ನಾನು ತೊಡೋದಿಲ್ಲ" ಅಂತ ಎಗರಾಡಿದರಂತೆ. ಈಕೆ ಟೇಪು ಕುತ್ತಿಗೆಗೆ ಹಾಕಿಕೊಂಡು ಹೇಳಿದ್ದು ಇಷ್ಟೇ: "ಆರು ವರ್ಷದಿಂದ ತೊಟ್ಟಿದೀರಲ್ಲ ಸ್ವಾಮಿ, ಎಲ್ಲಾದರೂ ಚುಚ್ಚಿತಾ?"

ವಕೀಲರು ಅಲ್ಲೇ ನಿಂತು ಭುಜ ಮುಟ್ಟಿ ನೋಡಿಕೊಂಡರಂತೆ. ಅವತ್ತಿನಿಂದ ಈಕೆ ಎಲ್ಲರಿಗೂ ಮಾಸ್ಟರಮ್ಮ. ಹೆತ್ತವರಿಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿಯಿತು.

ನಾನು ಆ ಅಂಗಡಿಗೆ ಬಂದದ್ದು ಮೂವತ್ತು ತುಂಬಿದ ಮೇಲೆ. ಅದಕ್ಕೆ ಮೊದಲು ಒಂಬತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿದ್ದೆ. ಅಲ್ಲಿನ ಮೇಸ್ತ್ರಿಯ ಜೊತೆ ಮಾತಿಗೆ ಮಾತು ಬೆಳೆದು, ಅವನ ಕಾಲರ್ ಹಿಡಿದು, ಅದು ನನ್ನ ಕೈಯಲ್ಲೇ ಉಳಿದು, ಹೊರಗೆ ಬಿದ್ದೆ. ಎರಡು ತಿಂಗಳು ಮನೆಯಲ್ಲಿ ಕೂತೆ. ಕೋಟಿನ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದ ನನ್ನ ಹೆಂಡತಿ ಮಾಸ್ಟರಮ್ಮನ ಹತ್ತಿರ ಗೋಗರೆದಳು. "ಕೈ ಗಟ್ಟಿ ಇದೆಯಾ?" ಅಂತ ಕೇಳಿದರಂತೆ. "ಕೈ ಗಟ್ಟಿ ಇದೆ, ಬಾಯಿ ಅದಕ್ಕಿಂತ ಗಟ್ಟಿ" ಅಂದಳಂತೆ ನನ್ನವಳು.

ಮರ ಕೊಯ್ದವನಿಗೆ ಬಟ್ಟೆ ಯಾವ ಲೆಕ್ಕ ಅಂದುಕೊಂಡು ಹೋದೆ. ಎದೆಮಟ್ಟದ ಉದ್ದನೆಯ ಮೇಜು, ಅದರ ಅಂಚು ಎಷ್ಟೋ ವರ್ಷದ ಹೊಟ್ಟೆಗಳು ಒರಗಿ ಒರಗಿ ನುಣುಪಾಗಿತ್ತು. ಹಳೆ ಪೇಪರು ಕೊಟ್ಟು, ಗೆರೆ ಎಳೆದು, ಕತ್ತರಿ ಕೈಗಿಟ್ಟರು. ಕಬ್ಬಿಣದ ಕತ್ತರಿ, ಅರ್ಧ ಮೊಳ ಉದ್ದ. "ಕತ್ತರಿ ಬಾಯಿ ಪೂರ್ತಿ ಮುಚ್ಚಬೇಡ. ತುದಿ ಮುಚ್ಚೋ ಮೊದಲೇ ಮುಂದಕ್ಕೆ ದೂಡು, ಇಲ್ಲದಿದ್ದರೆ ಅಂಚು ಇಲಿ ಕಡಿದಂಗಾಗುತ್ತೆ" ಅಂದರು. ನನ್ನ ಅಂಚು ಇಲಿ ಕಡಿದಂತೆಯೇ ಆಯಿತು.

"ಏನು ಮಾಡ್ತಿದೀಯಾ?" ಅಂತ ಕೇಳಿದರು.

"ಕಾಣಲ್ವಾ? ಕಟ್ ಮಾಡ್ತಿದೀನಿ."

"ಯಾವ ಕಟ್?"

ನನಗೆ ಉರಿಯಿತು. "ಕಟ್ ಅಂದರೆ ಕಟ್! ಅದರಲ್ಲಿ ಯಾವುದು ಅಂತ ಬೇರೆ ಇದೆಯಾ?"

"ನಿಮ್ಮ ಮಿಲ್ಲಿನಲ್ಲಿ ಮರಕ್ಕೆ ಒಂದೇ ಥರ ಮಾಡ್ತಿದ್ರಾ?"

"ಅದು ಹೇಗಾಗುತ್ತೆ? ಕಾಡಲ್ಲಿ ಕಡೀತಾರೆ. ಕೊಂಬೆ ಸವರ್ತಾರೆ. ಮಿಲ್ಲಲ್ಲಿ ಹಲಗೆಗೆ ಕೊಯ್ತೀವಿ. ಉಳಿದ ತುಂಡನ್ನ ಸೌದೆಗೆ ಸೀಳ್ತೀವಿ."

"ನೋಡಪ್ಪಾ," ಅಂದರು ಮಾಸ್ಟರಮ್ಮ, "ಮರಕ್ಕೆ ನಾಲ್ಕು ಮಾತು ಇಟ್ಕೊಂಡಿದೀಯಾ. ಬಟ್ಟೆಗೆ ಒಂದೇ ಮಾತು ಕೊಟ್ರೆ ಅದು ಬೇಜಾರು ಮಾಡ್ಕೊಳ್ಳಲ್ವಾ?"

ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ನನ್ನ ಹೆಂಡತಿ ಕೆಮ್ಮಿದಳು. ಅದು ಕೆಮ್ಮಲ್ಲ, ನಗು.

ಅವರಿಗೆ ಆ ಇಂಗ್ಲಿಷ್ ಪದದ ಮೇಲೆ ಹಗೆಯೇನೂ ಇರಲಿಲ್ಲ. ನಾವೆಲ್ಲ ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ಬಳಸುತ್ತಿದ್ದೆವು. ಕರೆಂಟ್ ಹೋದರೆ ಕಟ್, ಫೋನ್ ಇಟ್ಟರೆ ಕಟ್, ಕ್ಲಾಸಿಗೆ ಹೋಗದಿದ್ದರೆ ಕಟ್, ಇಸ್ಪೀಟು ಆಡುವವರು ಕಲಸಿದ ಎಲೆಯನ್ನು ಎರಡು ಪಾಲು ಮಾಡಿದರೆ ಅದೂ ಕಟ್, ಸಂದಿಯಲ್ಲಿ ನುಗ್ಗಿ ಮನೆಗೆ ಬೇಗ ಹೋದರೆ ಶಾರ್ಟ್ ಕಟ್. ಮಾಸ್ಟರಮ್ಮ ಹೇಳುತ್ತಿದ್ದರು: "ಪಾಪ, ಅದು ಒಳ್ಳೆ ಕೆಲಸಗಾರ ಪದ. ಕರೆದ ಮನೆಗೆಲ್ಲ ಹೋಗುತ್ತೆ. ಆದರೆ ಹೋದಲ್ಲಿ ಏನು ಮಾಡ್ತು ಅಂತ ಮಾತ್ರ ಹೇಳಲ್ಲ. ಉಗುರು ತೆಗೆದರೂ ಕಟ್, ಕುತ್ತಿಗೆ ತೆಗೆದರೂ ಕಟ್."

ಅವರ ಮೇಜಿನಲ್ಲಿ ಒಂದೊಂದಕ್ಕೂ ಒಂದೊಂದು ಮಾತಿತ್ತು. ಗೆರೆಗುಂಟ ಹೋದರೆ ಕತ್ತರಿಸುವುದು. ಜೇಬಿನ ಬಾಯಿಗೆ ನಡುವೆ ತೆರೆದರೆ ಸೀಳುವುದು. ಎರಡು ತುಂಡು ಎಲ್ಲಿ ಕೂಡಬೇಕು ಅಂತ ಗುರುತಿಗೆ ಅಂಚಿನಲ್ಲಿ ಕಾಳಿನಷ್ಟು ಕತ್ತರಿ ತಾಗಿಸಿದರೆ ಕಚ್ಚು ಹಾಕುವುದು. ಹೊಲಿದ ಮೇಲೆ ಒಳಗಿನ ಹೆಚ್ಚಿನ ಬಟ್ಟೆ ತೆಗೆದರೆ ಸವರುವುದು. ಒಳಗಿನ ಅಸ್ತರಿಗೆ ಕತ್ತರಿಯೇ ಬೇಡ, ಅಂಚಿಗೆ ಒಂದು ಕಚ್ಚು ಹಾಕಿ ಎರಡು ಕೈಯಲ್ಲಿ ಎಳೆದರೆ ನೂಲಿನಗುಂಟ ತಾನೇ ನೇರ ಹೋಗುತ್ತದೆ, ಅದು ಹರಿಯುವುದು. ಇಷ್ಟನ್ನೂ ಮೊದಲು ಬಾಯಲ್ಲಿ ಹೇಳಬೇಕು: ಯಾವ ತುಂಡು, ಯಾವ ಕಡೆ, ಏನು ಮಾಡುತ್ತೀಯ. ಮೇಜಿನ ಹತ್ತಿರ ಇರುವ ಇನ್ನೊಬ್ಬರು ನೋಡಿ "ಹೂಂ" ಅನ್ನಬೇಕು. ಕಣ್ಣು ಕಾಣದ ಆ ಮುದುಕರಿಗಾಗಿ ಶುರುವಾದ ಪದ್ಧತಿ ಅದು. ಕಣ್ಣಿದ್ದವರಿಗೂ ಅದೇ ಬೇಕು ಅಂತ ಮಾಸ್ಟರಮ್ಮ ಬಿಟ್ಟಿರಲಿಲ್ಲ. ಹೊರಗಿನವರಿಗೆ ನಮ್ಮ ಅಂಗಡಿ ದನದ ಕೊಟ್ಟಿಗೆಯಂತೆ ಕೇಳುತ್ತಿತ್ತು, ದಿನವಿಡೀ ಹೂಂ, ಹೂಂ.

ನನಗೊಬ್ಬನಿಗೇ ಅಂತ ಇನ್ನೊಂದು ಕಟ್ಟಳೆಯಿತ್ತು. "ಕೋಪ ಬಂದಾಗ ಕತ್ತರಿ ಮುಟ್ಟಬೇಡ, ಸೀಮೆಸುಣ್ಣ ಮುಟ್ಟು. ಎಷ್ಟು ಬೇಕಾದರೂ ಗೀಚು. ಒರೆಸೋಕೆ ಬ್ರಷ್ ಇದೆ." ಮೊದಲ ವರ್ಷ ನಾನು ಗೀಚಿದ ಸೀಮೆಸುಣ್ಣದಲ್ಲಿ ಒಂದು ಮನೆಗೆ ಸುಣ್ಣ ಹೊಡೆಯಬಹುದಿತ್ತು.

ಮೂರನೇ ವರ್ಷದಲ್ಲಿ ಒಂದು ಬುಧವಾರ ಆ ಕಟ್ಟಳೆ ಮುರಿದೆ.

ನಮ್ಮ ಊರಿನ ವಾದ್ಯದ ತಂಡದಲ್ಲಿ ಕ್ಲಾರಿನೆಟ್ ಊದುವವರೊಬ್ಬರಿದ್ದರು. ಮೂವತ್ತು ವರ್ಷ ಊದಿ ಶನಿವಾರ ಕೊನೆಯ ಸಲ ಸಭೆಯಲ್ಲಿ ನಿಲ್ಲುವವರಿದ್ದರು. ಅದಕ್ಕೆಂದು ಕಪ್ಪು ನೀಲಿ ಮಖಮಲ್ಲಿನ ಬಟ್ಟೆ ತಂದುಕೊಟ್ಟಿದ್ದರು. ಹರೆಯದಲ್ಲಿ ಹಡಗಿನಲ್ಲಿ ಊದಲು ಹೋದಾಗ ಯಾವುದೋ ಬಂದರಿನಲ್ಲಿ ಕೊಂಡದ್ದಂತೆ. "ಇಷ್ಟು ವರ್ಷ ಯಾಕೆ ಹೊಲಿಸಲಿಲ್ಲ?" ಅಂದರೆ, "ಹೊಟ್ಟೆ ಒಂದು ಕಡೆ ನಿಲ್ಲಲಿ ಅಂತ ಕಾದೆ, ಈಗ ನಿಂತಿದೆ, ಬಾಗಿಲಿಗೆ ಅಡ್ಡ" ಅಂದಿದ್ದರು. ಬಟ್ಟೆ ಸರಿಯಾಗಿ ಒಂದು ಕೋಟಿಗೆ. ಹೆಚ್ಚೆಂದರೆ ಅಂಗೈಯಗಲ ಮಿಕ್ಕೀತು. ಮತ್ತೆಲ್ಲೂ ಸಿಗುವುದೂ ಇಲ್ಲ.

ಮಖಮಲ್ಲು ಸುಲಭದ ಬಟ್ಟೆಯಲ್ಲ. ಅದರ ಮೈಮೇಲಿನ ರೋಮ ಒಂದೇ ಕಡೆಗೆ ಮಲಗಿರುತ್ತದೆ, ಒಂದು ತುಂಡು ತಲೆಕೆಳಗಾದರೆ ಬಣ್ಣವೇ ಬೇರೆ ಕಾಣುತ್ತದೆ. "ಇದೂ ಕೂದಲೇ, ಬಾಚಿದ ಕಡೆಗೇ ಹೋಗಬೇಕು" ಅನ್ನುತ್ತಿದ್ದರು ಕ್ಷೌರದವರ ಮಗಳು. ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಜಾರುತ್ತದೆ, ಹಾಗಾಗಿ ಒಂದೊಂದೇ ಪದರ. ಎಡತೋಳಿಗೆ ಕಾಗದದ ಅಚ್ಚು ಇಟ್ಟು ಕತ್ತರಿಸಿದ ಮೇಲೆ ಅದೇ ಅಚ್ಚನ್ನು ಮಗುಚಿ ಇಟ್ಟರೆ ಬಲತೋಳು. ಮಗುಚುವುದು ಮರೆತರೆ ಮುಗಿಯಿತು.

ಎದೆ, ಬೆನ್ನು ಎಲ್ಲ ಮಾಸ್ಟರಮ್ಮನೇ ಕತ್ತರಿಸಿ, ತೋಳು ನನಗೆ ಬಿಟ್ಟು, ಒಳಕೋಣೆಯಲ್ಲಿ ಬೇರೊಬ್ಬರ ಅಳತೆ ತೆಗೆಯುತ್ತಿದ್ದರು. ಆಗ ಗೋಡೆಯ ಫೋನು ಬಡಿದುಕೊಂಡಿತು. ನನ್ನ ತಮ್ಮ.

"ಅಣ್ಣಾ, ಅಮ್ಮನ್ನ ನಮ್ಮನೆಗೆ ಕರ್ಕೊಂಡು ಬಂದಿದೀನಿ. ಇನ್ಮೇಲೆ ಇಲ್ಲೇ ಇರಲಿ ಅಂತ, ಯಾಕಂದ್ರೆ ಬೆಳಗ್ಗೆ..."

"ಯಾರನ್ನ ಕೇಳಿ ಕರ್ಕೊಂಡು ಹೋದೆ?"

"ಅಣ್ಣಾ, ಒಂದು ನಿಮಿಷ ಕೇಳು..."

"ಏನು ಕೇಳೋದು? ನಾನು ಸತ್ತಿದೀನಾ? ನನ್ನ ಮನೆಯಲ್ಲಿ ಅಮ್ಮನಿಗೆ ಏನು ಕಮ್ಮಿಯಾಗಿತ್ತು? ಕಳ್ಳನ ಹಾಗೆ ನಾನಿಲ್ಲದಾಗ ಬಂದು ಕರ್ಕೊಂಡು ಹೋಗ್ತೀಯಾ? ಇವತ್ತಿಗೆ ನಿನಗೂ ನನಗೂ ಕಟ್! ಮುಗೀತು!"

ಫೋನು ಬಡಿದಿಟ್ಟ ಜೋರಿಗೆ ಗೋಡೆಯ ಮೊಳೆ ಅಲುಗಿತು. ಹೆಂಡತಿ ಅವತ್ತು ಗುಂಡಿ ತರಲು ಹೊರಗೆ ಹೋಗಿದ್ದಳು. ಸೀಮೆಸುಣ್ಣ ಕೈಗೆಟುಕುವ ಹಾಗೇ ಇತ್ತು. ನಾನು ಹಿಡಿದದ್ದು ಕತ್ತರಿ. ಯಾವ ತುಂಡು ಅಂತ ಹೇಳಲಿಲ್ಲ, ಯಾವ ಕಡೆ ಅಂತ ಹೇಳಲಿಲ್ಲ, ಹೂಂ ಅನ್ನುವವರು ಯಾರೂ ಇರಲಿಲ್ಲ. ಬಾಯಲ್ಲಿ ತಮ್ಮನ ಮೂರು ತಲೆಮಾರಿಗೆ ಮಂತ್ರ ಹೇಳುತ್ತಾ ಕತ್ತರಿಸಿದೆ. ಆ ಮೂರು ತಲೆಮಾರು ನನ್ನವೂ ಹೌದು ಅನ್ನುವುದು ಆಗ ಹೊಳೆಯಲಿಲ್ಲ.

ಗುಂಡಿ ತಂದ ಹೆಂಡತಿ ಎರಡೂ ತೋಳಿನ ತುಂಡು ಎತ್ತಿ ಮುಖಕ್ಕೆ ಮುಖ ಕೂಡಿಸಿ ನೋಡಿದಳು. ಕೂಡಲಿಲ್ಲ. ಇನ್ನೊಂದು ಸಲ ನೋಡಿದಳು. ಆಮೇಲೆ ಬಾಯಿಗೆ ಸೆರಗು ಹಿಡಿದಳು.

ಎರಡೂ ಎಡತೋಳು.

ಅಂಗಡಿಯ ಮಾಲೀಕರು ಬಂದರು. ನೋಡಿದರು. ಅವರ ಮುಖದ ಬಣ್ಣವೂ ತಲೆಕೆಳಗಾದ ಮಖಮಲ್ಲಿನ ಹಾಗೆ ಬದಲಾಯಿತು. "ಮಾಸ್ಟರಮ್ಮಾ! ಇವನನ್ನ ಇವತ್ತೇ ಕಟ್ ಮಾಡಿ! ಈ ಕ್ಷಣ!" ಅಂತ ಕೂಗಿದರು. ನನ್ನ ಹೆಂಡತಿ ಗೋಡೆ ಹಿಡಿದು ಕೂತಳು. ಮಿಲ್ಲು ಬಿಟ್ಟ ಮೇಲಿನ ಎರಡು ತಿಂಗಳು ಅವಳಿಗೆ ನೆನಪಾಗಿರಬೇಕು.

ಮಾಸ್ಟರಮ್ಮ ಒಳಕೋಣೆಯಿಂದ ಬಂದು ಮೊದಲು ಟೇಪು ತೆಗೆದು ಮೇಜಿನ ಮೇಲಿಟ್ಟರು. "ಮನುಷ್ಯರನ್ನ ಕಟ್ ಮಾಡೋಕೆ ನನ್ನ ಮೇಜಲ್ಲಿ ಕತ್ತರಿ ಇಲ್ಲ ಸ್ವಾಮಿ. ಮೇಜು ನಂದು, ತಪ್ಪೂ ನಂದೇ. ಹೂಂ ಅನ್ನಬೇಕಾದವಳು ನಾನು, ಒಳಗೆ ಹೋಗಿ ಕೂತಿದ್ದೆ. ಕಳಿಸೋದಾದರೆ ನನ್ನನ್ನ ಕಳಿಸಿ. ಆದರೆ ಸಂಜೆ ಐದಕ್ಕೆ ಕ್ಲಾರಿನೆಟ್‌ನವರು ಹಾಕಿ ನೋಡೋಕೆ ಬರ್ತಾರೆ, ಅಲ್ಲಿವರೆಗೆ ಸ್ವಲ್ಪ ಜಾಗ ಬಿಡಿ."

ಮಾಲೀಕರು ಜಾಗ ಬಿಟ್ಟರು. ಮಾಸ್ಟರಮ್ಮನನ್ನು ಕಳಿಸಿದರೆ ಅಂಗಡಿಯ ಬೋರ್ಡನ್ನೂ ಜೊತೆಗೇ ಕಳಿಸಬೇಕಾಗುತ್ತದೆ ಅಂತ ಅವರಿಗೆ ಗೊತ್ತಿತ್ತು.

ಮಾಸ್ಟರಮ್ಮ ನನ್ನನ್ನು ಬೈಯಲಿಲ್ಲ. ಅಚ್ಚು ಮಗುಚಿ, ತಪ್ಪಾದ ತೋಳಿನ ಮೇಲಿಟ್ಟು, ಮುಂಭಾಗದಲ್ಲಿ ಬೆರಳಿಟ್ಟು ಅಳೆದರು. ಎರಡು ಬೆರಳು ಕಮ್ಮಿ. ಕೋಟಿನ ತೋಳಿಗೆ ಎರಡು ತುಂಡು, ಮೇಲಿನದೊಂದು, ಕಂಕುಳ ಕೆಳಗೆ ಬರುವ ಅಡಿಯದೊಂದು.

"ಅಡಿತುಂಡು ಕತ್ತರಿಸಿದೀಯಾ?"

"ಇಲ್ಲ."

"ಬದುಕಿಕೊಂಡೆ. ಮೇಲಿನದು ಎರಡು ಬೆರಳು ಕಮ್ಮಿಯಾದರೆ ಅಡಿಯದನ್ನ ಎರಡು ಬೆರಳು ಜಾಸ್ತಿ ಇಡೋಣ. ಹೊಲಿಗೆ ಸ್ವಲ್ಪ ಮುಂದಕ್ಕೆ ಬರುತ್ತೆ, ಅಷ್ಟೇ. ಈಗ ಎಡತೋಳನ್ನೂ ಎರಡು ಬೆರಳು ತೆಗಿ."

"ಅದು ಸರಿಯಾಗೇ ಇದೆಯಲ್ಲ! ಸರಿ ಇರೋದನ್ನ ಯಾಕೆ ಕೆಡಿಸೋದು?"

"ಒಂದು ಕೈ ಒಂಥರ, ಇನ್ನೊಂದು ಕೈ ಇನ್ನೊಂಥರ ಆದರೆ ಅದು ತಪ್ಪು. ಎರಡೂ ಕೈ ಒಂದೇ ಥರ ಆದರೆ ಅದು ಫ್ಯಾಷನ್ನು. ಹಿಡಿ ಕತ್ತರಿ."

"ನಾನಾ? ನೀವೇ ಮಾಡಿ ಮಾಸ್ಟರಮ್ಮ. ನನ್ನ ಕೈ ನಡುಗ್ತಿದೆ."

"ಇವತ್ತು ಇಟ್ಟರೆ ನಾಳೆ ಹಿಡಿಯೋಕೆ ಇನ್ನೂ ನಡುಗುತ್ತೆ. ಬಾಯಿಬಿಟ್ಟು ಹೇಳು."

ಹೇಳಿದೆ. "ತೋಳು, ಮೇಲಿನ ತುಂಡು, ಎಡಗಡೆ. ಮುಂದಿನ ಅಂಚು. ಎರಡು ಬೆರಳು. ಗೆರೆಯ ಮೇಲೇ ಕತ್ತರಿಸ್ತೀನಿ."

"ಹೂಂ."

ಆ ಒಂದು ಹೂಂ ಕೇಳಿದ ಮೇಲೆ ಕೈ ನಿಂತಿತು. ಹೇಗೆ ಅಂತ ನನಗೆ ಹೇಳಲು ಬರುವುದಿಲ್ಲ. ಬೆನ್ನ ಮೇಲೆ ಯಾರೋ ಅಂಗೈ ಇಟ್ಟ ಹಾಗಾಯಿತು.

ಐದು ಗಂಟೆಗೆ ಕ್ಲಾರಿನೆಟ್‌ನವರು ಬಂದರು. ದೊಡ್ಡ ದೊಡ್ಡ ಹೊಲಿಗೆಯಲ್ಲಿ ಕೂಡಿಸಿದ ಕೋಟು ತೊಡಿಸಿದ್ದಾಯಿತು. ನಾನು ಇಸ್ತ್ರಿಯ ಮೇಜಿನ ಹಿಂದೆ ನಿಂತಿದ್ದೆ. ಅವರು ಕನ್ನಡಿಯಲ್ಲಿ ನೋಡಿ ಖುಷಿಯಾಗಿಯೇ ಇದ್ದರು. ಸುಮ್ಮನಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮಾಸ್ಟರಮ್ಮ ಸುಮ್ಮನಿರಲಿಲ್ಲ. "ಒಂದು ಮಾತು ಹೇಳಬೇಕು. ತೋಳು ಕತ್ತರಿಸುವಾಗ ನನ್ನ ಮೇಜಿನಲ್ಲಿ ತಪ್ಪಾಯ್ತು. ಹೊಲಿಗೆ ಇರಬೇಕಾದ ಜಾಗದಿಂದ ಎರಡು ಬೆರಳು ಮುಂದೆ ಬಂದಿದೆ. ಒಪ್ಪಿಗೆ ಇದ್ದರೆ ಮುಂದುವರಿಸ್ತೀವಿ."

ಅವರು ತೋಳು ತಿರುಗಿಸಿ ಹೊಲಿಗೆ ಹುಡುಕಿದರು. ಕೈಲಿದ್ದ ಛತ್ರಿಯನ್ನು ಕ್ಲಾರಿನೆಟ್ ಹಿಡಿದ ಹಾಗೆ ಬಾಯಿಗೆ ಹಿಡಿದು, ಮೊಣಕೈ ಎತ್ತಿ, ಇಳಿಸಿ ನೋಡಿದರು. ಅಂಗಡಿಯಲ್ಲಿ ಸೂಜಿ ಬಿದ್ದರೂ ಕೇಳುವಂತಿತ್ತು. ಬಿದ್ದ ಸೂಜಿ ಅಲ್ಲಿ ಬೇಕಾದಷ್ಟಿತ್ತು.

"ಮೂವತ್ತು ವರ್ಷದಲ್ಲಿ ನಾನು ಎಷ್ಟು ತಪ್ಪು ಸ್ವರ ಊದಿದೀನೋ ದೇವರಿಗೇ ಗೊತ್ತು" ಅಂದರು. "ಒಂದನ್ನೂ ಕೇಳಿದವರಿಗೆ ಹೇಳ್ಕೊಂಡಿಲ್ಲ. ನೀವು ಕರೆದು ಹೇಳ್ತಿದೀರಲ್ಲಮ್ಮ! ಮುಂದುವರಿಸಿ. ನಾನು ಊದುವಾಗ ಕೈ ಮಡಚಿರುತ್ತೆ, ಹೊಲಿಗೆ ಯಾರಿಗೆ ಕಾಣಬೇಕು?"

ಅವರು ಹೋದ ಮೇಲೆ ನಾನು ಕಸದ ಡಬ್ಬಿಯ ಪಕ್ಕ ಸ್ಟೂಲಿನ ಮೇಲೆ ಕುಸಿದೆ. ಮಾಸ್ಟರಮ್ಮ ಎರಡು ಲೋಟ ಟೀ ತಂದು ಎದುರಿಗೆ ಕೂತರು.

"ಬಟ್ಟೆಗೆ ಏನು ಮಾಡಿದೆ ಅಂತ ಗೊತ್ತಾಯ್ತು. ನಿನ್ನ ತಮ್ಮನಿಗೆ ಏನು ಮಾಡಿದೆ?"

ಒಳಕೋಣೆಗೆ ಕೇಳಿಸಿತ್ತು. ಬೀದಿಯ ಕೊನೆಗೂ ಕೇಳಿಸಿರಬೇಕು. "ಕಟ್ ಅಂದೆ" ಅಂದೆ.

"ಯಾವ ಕಟ್?"

ಮೂರು ವರ್ಷದಿಂದ ಕೇಳಿ ಕೇಳಿ ಸಾಕಾಗಿದ್ದ ಪ್ರಶ್ನೆ. ಅವತ್ತು ಉತ್ತರ ಹುಡುಕಬೇಕಾಯಿತು.

"ಮರ ಕಡಿದ ಹಾಗೆ ಬುಡಕ್ಕೇ ಹಾಕಿದೆಯಾ? ಇಲ್ಲ ಬರೀ ಅವನ ಮಾತು ತುಂಡು ಮಾಡಿದೆಯಾ?"

"ಮಾತು... ಮಾತು ಮುಗಿಸೋಕೆ ಬಿಡಲಿಲ್ಲ."

"ಯಾಕೆ ಕರ್ಕೊಂಡು ಹೋದ ಅಂತ ಹೇಳಿದನಾ?"

"ಬೆಳಗ್ಗೆ ಏನೋ ಅಂತಿದ್ದ. ನಾನು ಕೇಳಲಿಲ್ಲ."

"ಹಾಗಾದರೆ ಅದು ಕತ್ತರಿ ಅಲ್ಲ, ಸೀಮೆಸುಣ್ಣ" ಅಂದರು ಮಾಸ್ಟರಮ್ಮ. "ಗೆರೆ ಮಾತ್ರ ಎಳೆದಿದೀಯಾ. ಬ್ರಷ್ ತಗೊಂಡು ಇವತ್ತೇ ಹೋಗು. ಸೀಮೆಸುಣ್ಣವೂ ಬಹಳ ದಿನ ಬಿಟ್ಟರೆ ಬಟ್ಟೆಗೆ ಹಿಡಿದುಬಿಡುತ್ತೆ."

ನಾನು ಏನೋ ಗೊಣಗಿದೆ. ಅವನೇ ಬರಲಿ, ಚಿಕ್ಕವನು ಅವನು, ಅಂತ ಏನೋ.

"ಎದ್ದೇಳಯ್ಯಾ" ಅಂದರು. "ಟೀ ನಾನು ಕುಡೀತೀನಿ."

ತಮ್ಮನ ಮನೆಗೆ ಒಂದೇ ಬಸ್ಸು. ಬಾಗಿಲು ತೆರೆದ ತಮ್ಮ ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಅಣ್ಣ ಬಂದರೆ ತಮ್ಮ ಹಿಂದೆ ಸರಿಯಬೇಕಾದ ಹಾಗೆ ನಾನು ಬದುಕಿದ್ದೆ ಅಂತ ಅವತ್ತು ಕಂಡಿತು. ಒಳಗೆ ಅಮ್ಮ ಕುರ್ಚಿಯಲ್ಲಿ ಕೂತಿದ್ದಳು, ಬಲಗಾಲಿಗೆ ಬ್ಯಾಂಡೇಜು, ಕೆಳಗೆ ಎರಡು ದಿಂಬು. ನಾವು ಬಾಡಿಗೆಗಿದ್ದದ್ದು ಮೂರನೇ ಮಹಡಿ. ಬೆಳಗ್ಗೆ ನಾವಿಬ್ಬರೂ ಕೆಲಸಕ್ಕೆ ಹೊರಟ ಮೇಲೆ ಮೆಟ್ಟಿಲಲ್ಲಿ ಜಾರಿದ್ದಳು. ಪಕ್ಕದ ಮನೆಯಾಕೆ ಅಂಗಡಿಗೆ ಫೋನು ಮಾಡಲು ಹೊರಟರೆ ಅಮ್ಮ ಬೇಡ ಅಂದು, ತಮ್ಮನಿಗೆ ಮಾಡಿಸಿದ್ದಳು. ಯಾಕೆ ಅಂತ ನಾನು ಕೇಳಿದೆ.

"ನಿನಗೆ ಹೇಳಿದ್ರೆ ಕೂಗಾಡ್ತೀಯಾ ಅಂತ ಮಗಾ" ಅಂದಳು ಅಮ್ಮ. ಬೇಸರವಿಲ್ಲದೆ, ಹೊರಗೆ ಬಿಸಿಲಿದೆ ಅಂದ ಹಾಗೆ.

ತಮ್ಮನ ಮನೆ ನೆಲಮಟ್ಟದ್ದು. ಒಂದೇ ಒಂದು ಮೆಟ್ಟಿಲು, ಅದಕ್ಕೂ ಅವನು ಆಗಲೇ ಹಲಗೆಯನ್ನು ಇಳಿಜಾರಾಗಿ ಹಾಕಿಟ್ಟಿದ್ದ. "ಇಷ್ಟೇ ಅಣ್ಣಾ ಹೇಳೋಕೆ ಬಂದದ್ದು" ಅಂದ. ನಾನು ಹಲಗೆ ನೋಡಿದೆ. ಮಿಲ್ಲಿನವನ ಕಣ್ಣು. "ಇದನ್ನ ಯಾವ ದಡ್ಡ ಕೊಯ್ದದ್ದು? ಅಂಚು ಚುಚ್ಚುತ್ತೆ. ನಾಳೆ ನಾನು ಬಂದು ಸವರಿಕೊಡ್ತೀನಿ" ಅಂದೆ. ನಮ್ಮ ಮನೆತನದಲ್ಲಿ ತಪ್ಪಾಯ್ತು ಅನ್ನುವುದು ಹೀಗೆ. ತಮ್ಮನಿಗೆ ಅರ್ಥವಾಯಿತು. ಅವನ ಹೆಂಡತಿ ಒಳಗಿಂದ, "ಭಾವಾ, ಊಟ ಮಾಡ್ಕೊಂಡು ಹೋಗಿ, ಕೂಗಾಡಿ ಹಸಿವಾಗಿರುತ್ತೆ" ಅಂದಳು.

ಅಮ್ಮ ಆ ಮನೆಯಲ್ಲಿ ನಾಲ್ಕು ವರ್ಷ ಇದ್ದಳು. ಅಂಗಡಿ ಮುಚ್ಚಿದ ಮೇಲೆ ನಾನು ದಿನಾ ಅಲ್ಲಿಗೆ ಹೋಗಿ, ಒಂದು ಗಂಟೆ ಅವಳ ಕಾಲಿಗೆ ಎಣ್ಣೆ ತಿಕ್ಕಿ ಮನೆಗೆ ಹೋಗುತ್ತಿದ್ದೆ. ಕೊನೆಗೆ ಅವಳು ನನ್ನ ಮತ್ತು ತಮ್ಮನ ನಡುವೆಯೇ ಕಣ್ಣು ಮುಚ್ಚಿದಳು. ಆ ಬುಧವಾರ ನಾನು ಸ್ಟೂಲಿನಿಂದ ಏಳದಿದ್ದರೆ ಆ ನಾಲ್ಕು ವರ್ಷ ನನ್ನ ಪಾಲಿಗೆ ಇರುತ್ತಿರಲಿಲ್ಲ. ನನ್ನನ್ನು ನಾನು ಬಲ್ಲೆ. ಮೊದಲ ದಿನ ಹೋಗದವನು ನೂರನೇ ದಿನವೂ ಹೋಗುತ್ತಿರಲಿಲ್ಲ.

ಎಡತೋಳಿನಿಂದ ತೆಗೆದ ಆ ಎರಡು ಬೆರಳಗಲದ ಪಟ್ಟಿಯನ್ನು ಮಾಸ್ಟರಮ್ಮ ಮಾರನೆಯ ದಿನ ನನ್ನ ಕತ್ತರಿಯ ಹೆಬ್ಬೆರಳಿನ ಬಳೆಗೆ ಬಿಗಿಯಾಗಿ ಸುತ್ತಿ ಹೊಲಿದುಕೊಟ್ಟರು. ಅಲ್ಲಿ ಕಬ್ಬಿಣ ಒತ್ತಿ ನನ್ನ ಬೆರಳಿಗೆ ಗಂಟು ಬಿದ್ದಿತ್ತು. "ನೋವಾಗಲ್ಲ ಇನ್ಮೇಲೆ" ಅಂದರು. ಅದರ ರೋಮವೆಲ್ಲ ಉದುರಿ ಈಗ ಚರ್ಮದ ಹಾಗೆ ನುಣುಪಾಗಿದೆ. ಗಂಟು ಮಾತ್ರ ಮತ್ತೆ ಬೀಳಲಿಲ್ಲ. ಕೋಪ ಹೋಯಿತಾ ಅಂದರೆ, ಎಲ್ಲಿಂದ ಹೋಗುತ್ತದೆ? ಮೊನ್ನೆಯೂ ಇಸ್ತ್ರಿ ಮಾಡುವವನಿಗೆ ಕೂಗಾಡಿದೆ. ಆದರೆ ಸೀಮೆಸುಣ್ಣ ಹಿಡಿದುಕೊಂಡು ಕೂಗಾಡಿದೆ.

ಈಗ ಮಾಸ್ಟರಮ್ಮನಿಗೆ ಎಪ್ಪತ್ತಾರು. ಕೈ ನಡುಗುತ್ತದೆ ಅಂತ ತಾವೇ ಕತ್ತರಿ ಕೆಳಗಿಟ್ಟರು, ಯಾರೂ ಹೇಳಬೇಕಾಗಲಿಲ್ಲ. ಇದನ್ನು ಬರೆದು ಮುಗಿಸಿ, ನಿನ್ನೆ ಮಧ್ಯಾಹ್ನ ಅವರ ಮನೆಗೆ ಹೋಗಿ ಓದಿ ಹೇಳಿದೆ. ಅಡುಗೆಮನೆಯಲ್ಲಿ ಅವರ ಗಂಡ ಈರುಳ್ಳಿ ಹೆಚ್ಚುತ್ತಿದ್ದರು. ಮಾಸ್ಟರಮ್ಮ ಕಣ್ಣು ಮುಚ್ಚಿ ಕೂತು, ಒಂದೊಂದು ಭಾಗ ಮುಗಿದಾಗಲೂ "ಹೂಂ" ಅನ್ನುತ್ತಾ ಹೋದರು. ಈರುಳ್ಳಿಗೆ ಹೂಂ, ವಕೀಲರಿಗೆ ಹೂಂ, ನನ್ನ ಕೋಪಕ್ಕೆ ಎರಡು ಸಲ ಹೂಂ. ಮೇಜು ನಂದು, ತಪ್ಪೂ ನಂದೇ ಅಂತ ಮಾಲೀಕರಿಗೆ ಹೇಳಿದ ಜಾಗ ಬಂದಾಗ ಹೂಂ ಬರಲಿಲ್ಲ.

"ಅದನ್ನ ತೆಗೆದುಬಿಡು" ಅಂದರು. "ನನ್ನ ಬಗ್ಗೆ ದೊಡ್ಡದು ಮಾಡಿ ಹೇಳಿದಂಗಿದೆ."

"ಹೇಳಿದ್ದು ಹೌದೋ ಅಲ್ಲವೋ?"

"ಹೌದು. ಆದರೂ ತೆಗಿ."

"ಏನು ಮಾಡಲಿ ಮಾಸ್ಟರಮ್ಮ, ಸವರಲಾ, ಪೂರ್ತಿ ಕತ್ತರಿಸಲಾ? ಬರೀ ತೆಗಿ ಅಂದರೆ ಹೇಗೆ?"

ಒಳಗಿಂದ ಡ್ರೈವರಣ್ಣ ಜೋರಾಗಿ ನಕ್ಕರು. ಮಾಸ್ಟರಮ್ಮ ಕಿಟಕಿಯ ಹಲಗೆಯ ಮೇಲಿಂದ ಸೀಮೆಸುಣ್ಣದ ಚೂರು ತೆಗೆದುಕೊಂಡು, ನನ್ನ ಹಾಳೆ ಎಳೆದುಕೊಂಡು, ಆ ಸಾಲುಗಳ ಪಕ್ಕ ಉದ್ದಕ್ಕೂ ಒಂದು ಗೆರೆ ಎಳೆದರು. ಎಂದೂ ಕೂದಲಷ್ಟು ಓರೆಯಾಗದ ಗೆರೆ ಅವರದು. ಈಗ ಅಲೆ ಅಲೆಯಾಗಿ ಬಂತು. "ಇಲ್ಲಿಂದ ಇಲ್ಲಿಗೆ. ಕತ್ತರಿಸು" ಅಂದರು.

ಹಾಳೆ ನನ್ನ ಮುಂದಿದೆ. ಗೆರೆ ಹಾಗೇ ಇದೆ, ಒರೆಸಲು ಮನಸ್ಸು ಬಂದಿಲ್ಲ. ಆ ಸಾಲುಗಳನ್ನು ನೀವು ಆಗಲೇ ಓದಿದ್ದೀರಿ. ಅವರ ಹೂಂ ಇಲ್ಲದೆ, ಅಂಗಡಿ ಸೇರಿದ ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಮಾಡಿದ ಎರಡನೇ ಕೆಲಸ ಇದು.